ಉಳಿದ ಹತ್ತು ಟೇಕ್

ಜೂನ್ 15

ಮೀನು ಮರಿಗೆ,

ಹಾಸ್ಟೆಲ್ಲಿನವರು ಫೋನನ್ನು ಆಫೀಸಿನಲ್ಲಿ ತೆಗೆದಿಟ್ಟು ಭಾನುವಾರ ಹತ್ತೇ ನಿಮಿಷ ಕೊಡುತ್ತಾರೆ ಎಂದು ನೀನು ಗೊಣಗಿದ್ದೆ. ನನಗೆ ಆ ನಿಯಮ ಹಿಡಿಸತೊಡಗಿದೆ. ಫೋನಿನಲ್ಲಾದರೆ "ಊಟ ಆಯ್ತಾ, ಭುಜದ ನೋವು ಹೇಗಿದೆ" ಎನ್ನುವಷ್ಟರಲ್ಲಿ ನಿನ್ನ ತಂಗಿ ಕಿತ್ತುಕೊಳ್ಳುತ್ತಾಳೆ. ಕಾಗದವನ್ನು ಕಿತ್ತುಕೊಳ್ಳುವುದಿಲ್ಲ. ಇಷ್ಟುದ್ದ ಓದುವ ತಾಳ್ಮೆ ಅವಳಿಗಿಲ್ಲ.

ಸುದ್ದಿ ಏನೆಂದರೆ, ನಾನು ಟೀಚರ್ ಆಗುತ್ತಿದ್ದೇನೆ. ತಿಂಗಳಿಗೆ ಎರಡು ಗುರುವಾರ, ಕೊನೆಯ ಪೀರಿಯಡ್, ನಿನ್ನ ತಂಗಿಯ ಮೂರನೇ ಕ್ಲಾಸಿಗೆ.

ಆದದ್ದು ಹೀಗೆ. ನೀನು ತಂಗಿಗೆ ಇಟ್ಟ ಹೆಸರಿಗೆ ಮೋಸವಾಗದಂತೆ ಪಿಟೀಲು ಮೂರು ದಿನ ಒಂದೇ ರಾಗ ಕುಯ್ದಳು. ಸ್ಟ್ರಾದಲ್ಲಿ ದೀಪ ಮಿನುಗುವ ನೀರಿನ ಬಾಟಲಿ ಬೇಕಂತೆ, ಎಲ್ಲರ ಹತ್ತಿರವೂ ಇದೆಯಂತೆ. ಎಲ್ಲರೂ ಅಂದರೆ ಇಬ್ಬರಿರಬಹುದು ಅಂದುಕೊಂಡು ಕ್ಲಾಸ್ ಟೀಚರನ್ನು ಕೇಳಲು ಹೋದೆ. ಅವರು ಮಾತಾಡದೆ ಕಿಟಕಿಯ ಕಟ್ಟೆ ತೋರಿಸಿದರು. ಹದಿನೇಳು ಬಾಟಲಿಗಳು ಸಾಲಾಗಿ ಮಿನುಗುತ್ತಿದ್ದವು.

"ಯಾರ್ರೋ ತರೋಕೆ ಹೇಳಿದ್ದು ಅಂತ ಕೇಳಿದ್ರೆ, ಯಾರೂ ಹೇಳಿಲ್ಲ ಮಿಸ್, ನಮಗೇ ಬೇಕು ಅನ್ನಿಸ್ತು ಅಂತಾವೆ," ಅಂದರು. ಆಮೇಲೆ ನನ್ನನ್ನು ಒಂದು ಥರ ನೋಡಿ, "ಎಲ್ಲಾ ವಿಡಿಯೋ ನೋಡಿ ಕಲಿತದ್ದು. ನೀವು ವಿಡಿಯೋ ಮಾಡೋ ಆ ಕಡೆಯವರಲ್ವಾ? ಬಂದು ನಾಲ್ಕು ಮಾತು ಹೇಳಿ. ನನ್ನ ಮಾತಿಗಿಂತ ನಿಮ್ಮದು ನಾಟುತ್ತೆ."

ಆ ಕಡೆಯವರು. ದಾರಿಯುದ್ದಕ್ಕೂ ಅದೇ ಮಾತು ಜೊತೆಗೆ ನಡೆದು ಬಂತು. ಹದಿನೆಂಟು ವರ್ಷದಿಂದ, ಕೀಲಿಕೈ ಮಾಡುವವನ ಅಂಗಡಿಯ ಮೇಲಿನ ಆ ಸಣ್ಣ ಕೋಣೆಯಲ್ಲಿ ಕೂತು ಬೇರೆಯವರ ವಿಡಿಯೋ ಕತ್ತರಿಸಿ ಜೋಡಿಸುತ್ತಿದ್ದೇನೆ. ಅದಕ್ಕೊಂದು ಕಡೆ ಇದೆ ಎಂದು ಯಾವತ್ತೂ ಯೋಚಿಸಿರಲಿಲ್ಲ. ಆದರೂ ಒಂದು ಸತ್ಯ ಹೇಳುತ್ತೇನೆ, ನಗಬೇಡ. ನನಗೆ ಗೊತ್ತಿರುವುದನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು. ಮೂರು ದಿನದಿಂದ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ನಿನ್ನ ಅಮ್ಮ

—

ಜೂನ್ 22

ಅಮ್ಮ,

ಇಡೀ ಕೋಣೆಗೆ ಓದಿ ಹೇಳಿದೆ. ಹದಿನೇಳು ಬಾಟಲಿ ಅಂದಾಗ ನನ್ನ ಮೇಲಿನ ಮಂಚದವಳು ಮೆಲ್ಲಗೆ ತನ್ನ ಬಾಟಲಿಯನ್ನು ದಿಂಬಿನ ಕೆಳಗೆ ತಳ್ಳಿದಳು. ಅದರಲ್ಲೂ ದೀಪ ಇದೆ.

ಒಂದು ಮಾತು. ಭಾಷಣ ಮಾಡಬೇಡ. ನೀನು ಭಾಷಣ ಶುರು ಮಾಡಿದರೆ "ನೋಡು, ವಿಷಯ ಏನಪ್ಪಾ ಅಂದ್ರೆ" ಅನ್ನುತ್ತೀಯ, ಅಷ್ಟರಲ್ಲೇ ನಮಗೆ ನಿದ್ದೆ ಬಂದಿರುತ್ತದೆ. ಅವರಿಗೆ ಏನಾದರೂ ಮಾಡಲು ಕೊಡು. ಕೈಗೆ ಕೆಲಸ ಇದ್ದರೆ ಮೂರನೇ ಕ್ಲಾಸಿನವರು ಸುಮ್ಮನೆ ಕೂರುತ್ತಾರೆ.

ನನ್ನ ನೂರು ಮೀಟರ್ ಈಜಿನ ಸಮಯ ಒಂದೂವರೆ ಸೆಕೆಂಡ್ ಕಡಿಮೆಯಾಗಿದೆ. ಕೋಚ್ ಹೊಗಳಲಿಲ್ಲ. ಆದರೆ ಬೈಯಲೂ ಇಲ್ಲ, ಅವರ ಲೆಕ್ಕದಲ್ಲಿ ಅದೇ ಹೊಗಳಿಕೆ.

ನೀನೇ ಜೋಡಿಸಿಕೊಡುವ ಕತ್ತರಿ ಅಕ್ಕನ ಕಾಗದ-ರಟ್ಟಿನ ವಿಡಿಯೋಗಳನ್ನೂ ತೋರಿಸುತ್ತೀಯಾ? ಸುಮ್ಮನೆ ಕೇಳಿದೆ.

ಮೀನು

—

ಜುಲೈ 4

ಮೀನು,

ನಿನ್ನ ಮಾತು ಕೇಳಿದ್ದಕ್ಕೆ ಬದುಕಿಕೊಂಡೆ. ನಿನ್ನೆ ಮೊದಲ ಕ್ಲಾಸ್. "ನೋಡಿ, ವಿಷಯ ಏನಪ್ಪಾ" ಎಂಬಲ್ಲಿಗೆ ಬಂದು ನಾಲಿಗೆ ಕಚ್ಚಿಕೊಂಡು, ಒಂದು ಆಟ ಹೇಳಿದೆ. ವಿಡಿಯೋ ನೋಡುವಾಗ ಯಾರೋ ನಿಮಗೆ ಏನನ್ನೋ ಮಾರುತ್ತಿದ್ದಾರೆ ಅನ್ನಿಸಿದ ಕ್ಷಣ ಒಂದು ಬೆರಳು ಎತ್ತಿ. ಮಾತಾಡುವ ಹಾಗಿಲ್ಲ. ಆಮೇಲೆ ಯಾಕೆ ಎತ್ತಿದಿರಿ ಹೇಳಬೇಕು.

ಒಬ್ಬ ಹುಡುಗ ಕಂಪ್ಯೂಟರಿನಲ್ಲಿ ಆಟ ಆಡುತ್ತಾ ಹರಟೆ ಹೊಡೆಯುವ ವಿಡಿಯೋ ಹಾಕಿದೆ. ನಡುವೆ ಅವನೊಂದು ಡಬ್ಬಿಯಿಂದ ಕುಡಿಯುತ್ತಾನೆ. ಎರಡು ಸೆಕೆಂಡ್, ಅಷ್ಟೇ. ಮುಂದಿನ ಬೆಂಚಿನ, ಎರಡು ಹಲ್ಲು ಬಿದ್ದ ಹುಡುಗಿ ಬೆರಳೆತ್ತಿದಳು.

"ಯಾಕಮ್ಮಾ?"

"ಕುಡಿಯೋ ಮುಂಚೆ ಡಬ್ಬಿ ತಿರುಗಿಸಿದ ಆಂಟಿ. ಬಾಯಾರಿದವರು ತಿರುಗಿಸಲ್ಲ."

ಮೀನು, ಹದಿನೆಂಟು ವರ್ಷದಲ್ಲಿ ಆ ತಿರುಗಿಸುವ ಕೈಗಳನ್ನು ಎಷ್ಟು ಸಾವಿರ ಸಲ ನೋಡಿದ್ದೇನೋ. ಯಾರೂ ಅದನ್ನು ಇಷ್ಟು ಚೆನ್ನಾಗಿ ಹೇಳಿದ್ದು ಕೇಳಿಲ್ಲ. ಆಮೇಲೆ ತಡೆಯುವವರೇ ಇಲ್ಲ. ಹಿಂದಿನ ಬೆಂಚಿನಿಂದ ಇನ್ನೊಬ್ಬಳು, "ಇವನು ಅದನ್ನ ಬೈಯೋದೇ ಇಲ್ಲ. ನಮ್ಮಣ್ಣಂಗೆ ಅವನ ಸೈಕಲ್ ಅಂದ್ರೆ ಪ್ರಾಣ, ಆದ್ರೂ ಚೈನ್ ಬೀಳುತ್ತೆ ಅಂತ ದಿನಾ ಬೈತಾನೆ," ಅಂದಳು. ಒಬ್ಬ ಹುಡುಗ ಎದ್ದು ಬಂದು, ವಿಡಿಯೋದ ಕೆಳಗೆ ಮಡಚಿಟ್ಟ ಬರಹವನ್ನು ತಾನೇ ಬಿಡಿಸಿ, ಇಪ್ಪತ್ತು ಸಾಲಿನ ಕೆಳಗೆ ಸಾಸಿವೆಯಷ್ಟು ಅಕ್ಷರದಲ್ಲಿದ್ದ "ಹಣ ಪಡೆದ ಪ್ರಚಾರ" ಎಂಬ ಮೂರು ಮಾತು ಹುಡುಕಿದ. ಕ್ಲಾಸಿಗೆ ಕ್ಲಾಸೇ ನಿಧಿ ಸಿಕ್ಕಂತೆ ಕೂಗಿತು. ಪಕ್ಕದ ಕ್ಲಾಸಿನ ಮೇಷ್ಟ್ರು ಬಂದು ಇಣುಕಿ ಹೋದರು.

"ಹಾಗಾದ್ರೆ ಆ ಹುಡುಗ ಕೆಟ್ಟವನಾ?" ಎಂದು ಪಿಟೀಲು ಕೇಳಿದಳು.

"ಜಾಹೀರಾತು ಮಾಡೋದು ತಪ್ಪಲ್ಲ. ಇದು ಜಾಹೀರಾತು ಅಂತ ನಿಮಗೆ ಕಾಣೋ ಹಾಗೆ ಹೇಳಬೇಕು, ಅಷ್ಟೇ," ಅಂದೆ. ಉತ್ತರ ಸರಿಯಾಗಿತ್ತು. ಸ್ವಲ್ಪ ಬೇಗ ಬಂತೇನೋ ಎಂದು ಆಮೇಲೆ ಅನ್ನಿಸಿತು.

ಮನೆಯಲ್ಲೀಗ ಬಾಯಿ ಬಿಡುವ ಹಾಗಿಲ್ಲ. ಸಂಜೆ ನಿಮ್ಮಪ್ಪ ಲಿಫ್ಟ್ ರಿಪೇರಿ ಮುಗಿಸಿ ಮಸಿ ಕೈಯಲ್ಲೇ ಬಂದು, "ನಿಮ್ಮಮ್ಮನ ಹಾಗೆ ಟೀ ಯಾರೂ ಮಾಡಲ್ಲ," ಅಂದರು. ಪಿಟೀಲು ತಕ್ಷಣ ಬೆರಳೆತ್ತಿ, "ಇದನ್ನ ಹೇಳೋಕೆ ಅಮ್ಮ ಏನು ಕೊಟ್ಟಳು?" "ಇನ್ನೊಂದು ಲೋಟ ಟೀ," ಎಂದರು ಅವರು, ತಲೆ ತಗ್ಗಿಸಿ.

ಆದರೆ ಒಂದು ಅಪಾಯವಿದೆ. ಹೀಗೇ ಬಿಟ್ಟರೆ ಮಕ್ಕಳು ಎಲ್ಲದಕ್ಕೂ ಬೆರಳೆತ್ತುತ್ತಾರೆ. ಜಗತ್ತಿನಲ್ಲಿ ಎಲ್ಲವೂ ಮಾರಾಟವಲ್ಲ ಎಂದೂ ಗೊತ್ತಾಗಬೇಕಲ್ಲ. ಅದಕ್ಕೆ ಹದಿನೇಳನೇ ತಾರೀಖಿನ ಕ್ಲಾಸಿಗೆ ಏನೂ ಅಡಗಿಲ್ಲದ ಒಂದು ಶುದ್ಧ ವಿಡಿಯೋ ತೋರಿಸುತ್ತೇನೆ. ಯಾವುದು ಎಂದು ಯೋಚಿಸಬೇಕಾಗಲೇ ಇಲ್ಲ. ಕತ್ತರಿ ಅಕ್ಕನ ಜೊತೆ ನೀನು ರಟ್ಟಿನ ಮನೆ ಮಾಡಿದ್ದೆಯಲ್ಲ, ಎಂಟು ವರ್ಷದವಳಿದ್ದಾಗ, ಅದು. ಕೊನೆಯಲ್ಲಿ ನೀನು ನಗುವ ನಗು. ಅಂಥದ್ದನ್ನು ಯಾರಿಂದಲೂ ಹೇಳಿ ಮಾಡಿಸಲಾಗದು.

ನಿನ್ನ ಅಮ್ಮ

—

ಜುಲೈ 13

ಅಮ್ಮ,

ಅದು ಬೇಡ. ಬೇರೆ ಯಾವುದಾದರೂ ಹಾಕು.

ಬೆಳಿಗ್ಗೆ ಫೋನಿನಲ್ಲೇ ಹೇಳೋಣ ಅಂತಿದ್ದೆ. ಪಿಟೀಲು ಹತ್ತು ನಿಮಿಷವೂ ತನ್ನ ಹಲ್ಲಿನ ಕಥೆ ಹೇಳಿದಳು.

ಮೀನು

—

ಜುಲೈ 18

ಮೀನು,

ನಿನ್ನ ಕಾಗದ ಇವತ್ತು ಬಂತು. ಕ್ಲಾಸ್ ನಿನ್ನೆ ಮುಗಿಯಿತು.

ಏನಾಯಿತೆಂದು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ವಿಡಿಯೋ ಶುರುವಾದಾಗ ಎಲ್ಲರೂ ಖುಷಿಯಾಗಿದ್ದರು. ಕತ್ತರಿ ಅಕ್ಕ ಅವರಿಗೆ ಮನೆಯವಳ ಹಾಗೆ. ನೀನು ಪರದೆಯ ಮೇಲೆ ಬಂದಾಗ ಪಿಟೀಲು ಬೆಂಚಿನ ಮೇಲೆ ಹತ್ತಿ, "ಅದು ನಮ್ಮಕ್ಕ" ಎಂದು ಸಾರಿದಳು. ನೀನು ಗೋಡೆ ನಿಲ್ಲಿಸಿದೆ, ಚಾವಣಿ ಇಟ್ಟೆ. ಕತ್ತರಿ ಅಕ್ಕ ಹಳದಿ ಮುಚ್ಚಳದ ಅಂಟಿನ ಬಾಟಲಿ ಕೊಟ್ಟಳು. ಆಗ ಒಂದು ಬೆರಳು ಮೇಲೆದ್ದಿತು. ಆಮೇಲೆ ಮೂರು. ನೀನು ಬಾಟಲಿ ಹಿಡಿದು "ಇದು ನನ್ನ ಫೇವರಿಟ್ ಅಂಟು" ಎಂದು ನಕ್ಕಾಗ ತಿರುಗಿ ನೋಡಿದೆ. ಇಪ್ಪತ್ತೆಂಟು ಮಕ್ಕಳು, ಇಪ್ಪತ್ತೆಂಟು ಬೆರಳು. ಮೊದಲ ಬೆರಳು ನಿನ್ನ ತಂಗಿಯದು ಎಂದು ಟೀಚರ್ ಆಮೇಲೆ ಹೇಳಿದರು.

"ಇಲ್ಲ ಮಕ್ಕಳೇ, ಇದರಲ್ಲಿ ಏನೂ ಇಲ್ಲ," ಎಂದೆ ನಾನು.

ಹಲ್ಲು ಬಿದ್ದವಳು ನನ್ನನ್ನು ಕನಿಕರದಿಂದ ನೋಡಿದಳು. "ಆಂಟಿ, ಮೇಜಿನ ಮೇಲೆ ಎಲ್ಲಾ ಚೆಲ್ಲಾಪಿಲ್ಲಿಯಾಗಿದೆ. ಅಂಟು ಮಾತ್ರ ಯಾವಾಗ್ಲೂ ನಮ್ಮ ಕಡೆಗೇ ನೋಡ್ತಿದೆ."

ಪಿಟೀಲು ಮೆಲ್ಲಗೆ, "ಅಕ್ಕ ಹಾಗೆ ನಗಲ್ಲ," ಅಂದಳು.

ಗಂಟೆ ಹೊಡೆಯಿತು. ಪುಣ್ಯಕ್ಕೆ.

ಆ ಕಂಪನಿ ನಮಗೆ ಅಂಟಿನ ಪೆಟ್ಟಿಗೆ ಕಳಿಸುತ್ತಿತ್ತು. ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಹೊರಟು ಒಂದು ಹಾಳೆ ಹರಿದು ಹಾಕಿದೆ. ಗೊತ್ತಿತ್ತು. ಪೆಟ್ಟಿಗೆಯೂ ಗೊತ್ತಿತ್ತು, ಸ್ಟುಡಿಯೋದ ಹೊಸ ದೀಪಗಳು ಯಾರ ಕೊಡುಗೆ ಎಂಬುದೂ ಗೊತ್ತಿತ್ತು. ಅದನ್ನು ನಾನು ಜಾಹೀರಾತು ಎಂದು ಕರೆಯಲಿಲ್ಲ, ಸಹಾಯ ಎಂದು ಕರೆದುಕೊಂಡೆ. ಹೆಸರು ಬೇರೆ ಇಟ್ಟರೆ ಕಣ್ಣಿಗೆ ಬೀಳುವುದಿಲ್ಲ ನೋಡು.

ಆದರೆ ನಿನ್ನ ನಗು ನಿಜವಾಗಿತ್ತು ಎಂದು ಇವತ್ತಿಗೂ ನಂಬಿದ್ದೇನೆ. ನಿಜವಾಗಿತ್ತು ಅಲ್ವಾ?

ಅಮ್ಮ

—

ಜುಲೈ 27

ಅಮ್ಮ,

ನೀನು ಅದನ್ನು ಹನ್ನೊಂದು ಸಲ ಹೇಳಿಸಿದ್ದೆ.

ನಿನಗೆ ನೆನಪಿಲ್ಲ ಅಂತ ನನಗೆ ಗೊತ್ತು. ಕೋಪದಿಂದ ಬರೆಯುತ್ತಿಲ್ಲ. ನೀನು ಕ್ಯಾಮೆರಾದ ಹಿಂದೆ ಕೂತು "ಇನ್ನೊಂದ್ಸಲ ಚಿನ್ನ, ಸ್ವಲ್ಪ ಕುತ್ತಿಗೆ ಎತ್ತಿ" ಅನ್ನುತ್ತಿದ್ದೆ. ನನಗೆ ಆ ಅಂಟಿನ ವಾಸನೆಗೆ ತಲೆ ನೋಯುತ್ತಿತ್ತು. ಹನ್ನೊಂದನೇ ಸಲ ನಕ್ಕಿದ್ದು ಮುಗೀತು ಅಂತ ಗೊತ್ತಾಗಿ.

ಅದೂ ದೊಡ್ಡದಲ್ಲ. ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದಳಲ್ಲ, ಎರಡು ಜಡೆ, ನಮ್ಮ ಮನೆಗೆ ಬಂದು ಕಿಟಕಿಯಲ್ಲೇ ಕೂರುತ್ತಿದ್ದಳು? ಅವಳು ಶಾಲೆಯ ಪ್ರದರ್ಶನಕ್ಕೆ ರಟ್ಟಿನ ಸೇತುವೆ ಮಾಡಿದಳು. ಒಂದು ತಿಂಗಳು ಕೂತು. ನಾನು ವಿಡಿಯೋದಲ್ಲಿ ಹೇಳಿದೆ ಅಂತ ಆ ಅಂಟೇ ತಗೊಂಡಳು. ನೋಡುವವರು ಅವಳ ಮೇಜಿನ ಹತ್ತಿರ ಬಂದಾಗ ಸೇತುವೆ ನಡುವೆ ಬಾಯಿ ಬಿಟ್ಟಿತು. ಅವಳು ಅಳಲಿಲ್ಲ. "ನಿಂಗೆ ನಿಜವಾಗ್ಲೂ ಫೇವರಿಟ್ಟಾ?" ಅಂತ ಕೇಳಿದಳು. ನಾನು ಹೂಂ ಅಂದೆ. ಅವತ್ತು ಇಲ್ಲ ಅಂದಿದ್ದರೆ ಆಗುತ್ತಿತ್ತು. ಮಾರನೇ ದಿನ ಅವಳು ಬೆಂಚ್ ಬದಲಾಯಿಸಿದಳು.

ಅವಳು ಯಾಕೆ ಈಚೆಗೆ ಬರಲ್ಲ ಅಂತ ನೀನು ಕೇಳಿದ್ದೆ. ಅವಳಿಗೆ ಹಾಡಿನ ಕ್ಲಾಸ್ ಇದೆ ಅಂದಿದ್ದೆ. ಅವಳಿಗೆ ಹಾಡು ಬರಲ್ಲ ಅಮ್ಮ.

ಈಜು ಯಾಕೆ ಇಷ್ಟ ಅಂದರೆ, ನೀರಿನೊಳಗೆ ಯಾರೂ ಇನ್ನೊಂದ್ಸಲ ಹೇಳು ಅನ್ನಲ್ಲ.

ಪಿಟೀಲಿಗೆ ಶಾಭಾಸ್ ಅಂತ ಹೇಳು.

ಮೀನು

—

ಆಗಸ್ಟ್ 10

ಮೀನು,

ಎರಡು ಭಾನುವಾರ ಫೋನಿನಲ್ಲಿ ನಾವಿಬ್ಬರೂ ಮಳೆ, ಬಿಸಿಲು, ಊಟ ಎಂದು ಮಾತಾಡಿದೆವು. ಆ ಕಡೆ ನೀನು ಕಾಯುತ್ತಿದ್ದೀಯ ಎಂದು ನನಗೆ ಗೊತ್ತಿತ್ತು. ಕಾಗದಕ್ಕೆ ಕೂತಾಗಲೆಲ್ಲ ಮೊದಲ ಸಾಲು ನನ್ನ ಪರವಾಗಿ ವಾದಿಸುತ್ತಿತ್ತು. ಹರಿದೆ. ಇದು ಆರನೆಯದು.

ಸ್ಟುಡಿಯೋದ ಅಟ್ಟದಿಂದ ಐದು ವರ್ಷದ ಹಿಂದಿನ ಹಾರ್ಡ್ ಡಿಸ್ಕ್ ಇಳಿಸಿದೆ. ಯಾವುದನ್ನೂ ಅಳಿಸದೆ ಇಡುವುದು ನನ್ನ ಚಾಳಿ. ನೀನು ಹೇಳಿದ ಹನ್ನೊಂದು ಸಲವೂ, ಹನ್ನೊಂದೂ ಟೇಕ್, ಅದರಲ್ಲಿದ್ದವು. ನೋಡಿದೆ.

ಎಡಿಟರ್ ಎಂಬವಳಿಗೆ ಒಂದು ರೋಗವಿದೆ. ಉಳಿಸಿಕೊಂಡ ಟೇಕ್ ಮಾತ್ರ ಅವಳಿಗೆ ನಡೆದದ್ದಾಗಿ ನೆನಪಿರುತ್ತದೆ. ಕತ್ತರಿಸಿದ್ದು ನಡೆದೇ ಇಲ್ಲ. ಐದು ವರ್ಷ ನಾನು ಆ ಹನ್ನೊಂದನೇ ನಗುವನ್ನೇ ನಿನ್ನ ಬಾಲ್ಯ ಎಂದುಕೊಂಡು ಬಂದೆ. ಎರಡನೇ ಟೇಕಿನಲ್ಲಿ ನೀನು "ಫೇವರಿಟ್" ಬದಲು "ಪರವಾಗಿಲ್ಲ" ಅಂದಿದ್ದೀಯ. ನಾಲ್ಕರಲ್ಲಿ ಆಕಳಿಕೆ. ಏಳರಲ್ಲಿ ಮೂಗು ಮುಚ್ಚಿಕೊಂಡು, "ಅಮ್ಮಾ, ಇದು ಸತ್ತ ಇಲಿ ವಾಸನೆ." ನನ್ನ ದನಿ ಹಿಂದಿನಿಂದ, "ಅದನ್ನೆಲ್ಲ ಹೇಳಬಾರದು ಚಿನ್ನ." ಹನ್ನೊಂದರಲ್ಲೂ ನೀನು ಬಾಟಲಿಯನ್ನಾಗಲಿ ಕ್ಯಾಮೆರಾವನ್ನಾಗಲಿ ನೋಡುತ್ತಿಲ್ಲ. ಅದರ ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದೀಯ. ಅಲ್ಲಿ ನಾನು ಕೂತಿದ್ದೆ.

ತಪ್ಪಾಯಿತು, ಮಗಳೇ. ಇದಕ್ಕಿಂತ ಚೆನ್ನಾಗಿ ಹೇಳಲು ಐದು ಹಾಳೆ ಹಾಳು ಮಾಡಿದೆ, ಆಗಲಿಲ್ಲ.

ಆಮೇಲೆ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಕತ್ತರಿ ಅಕ್ಕನ ಮನೆಗೆ ಹೋದೆ. ಅವಳು ನೆಲದ ತುಂಬ ಬಣ್ಣದ ಕಾಗದ ಹರವಿಕೊಂಡು ಕೂತಿದ್ದಳು. ಕ್ಲಾಸಿನಲ್ಲಿ ಬೆರಳುಗಳು ಎದ್ದದ್ದನ್ನು ಹೇಳಿ, ಆ ವಿಡಿಯೋ ತೆಗೆಯಬೇಕು, ಇಲ್ಲವೇ ಉಳಿದ ಹತ್ತು ಟೇಕನ್ನೂ ಸೇರಿಸಿ, ಇದಕ್ಕೆ ಕಂಪನಿ ದುಡ್ಡು ಕೊಟ್ಟಿತ್ತು ಎಂದು ಅವಳೇ ಹೇಳಿ ಮತ್ತೆ ಹಾಕಬೇಕು ಎಂದೆ.

"ತಲೆ ಕೆಟ್ಟಿದೆಯಾ? ಐದು ವರ್ಷದ ಹಿಂದಿನ ಅಂಟು. ಈಗ್ಯಾಕೆ ಕೆರೀತೀಯ?"

"ನಿನ್ನೆ ಒಂದೇ ದಿನ ನಾನೂರು ಮಕ್ಕಳು ನೋಡಿವೆ. ಅವಕ್ಕೆ ಅದು ಇವತ್ತಿಂದೇ."

"ಎಲ್ಲರೂ ಮಾಡ್ತಾರೆ ಕಣೇ. ನಾನೊಬ್ಬಳೇ ಹರಿಶ್ಚಂದ್ರ ಆಗ್ಬೇಕಾ? ಮುಂದಿನ ಕೆಲಸ ಯಾರು ಕೊಡ್ತಾರೆ, ನಿಂಗೂ ನಂಗೂ?"

ನಾನು ಏಳನೇ ಟೇಕ್ ಹಾಕಿದೆ. ಸತ್ತ ಇಲಿಗೆ ಅವಳು ಕಾಗದದ ರಾಶಿಯ ಮೇಲೆ ಬಿದ್ದು ನಕ್ಕಳು. ಆಮೇಲೆ ನನ್ನ ದನಿ ಬಂತು. ನಗು ನಿಂತಿತು.

"ಎಷ್ಟು ಮಕ್ಕಳು ಬೆರಳೆತ್ತಿದ್ದು?"

"ಇಪ್ಪತ್ತೆಂಟು."

"ನಿನ್ನ ಚಿಕ್ಕವಳೂ?"

"ಅವಳೇ ಮೊದಲು."

ಅವಳು ಒಂದು ಕೆಂಪು ಕಾಗದವನ್ನು ಮಡಚಿ, ಬಿಡಿಸಿ, "ನೀನು ಹೋಗು, ಯೋಚನೆ ಮಾಡ್ತೀನಿ," ಅಂದಳು.

ಅವಳು ಏನಾದರೂ ಹೇಳಲಿ, ಕೊನೆಯ ಮಾತು ನಿನ್ನದು. ಮುಖ ನಿನ್ನದು. ನೀನು ಬೇಡ ಎಂದರೆ ಡಿಸ್ಕ್ ಅಟ್ಟಕ್ಕೆ ವಾಪಸ್, ಹಳೆಯ ವಿಡಿಯೋವನ್ನೂ ತೆಗೆಸುತ್ತೇನೆ. ಈ ಸಲ ನಿನ್ನ ಕಾಗದ ಬರುವವರೆಗೆ ಕಾಯುತ್ತೇನೆ.

ಅಮ್ಮ

—

ಆಗಸ್ಟ್ 17

ಅಮ್ಮ,

"ಪರವಾಗಿಲ್ಲ" ಅಂದಿದ್ದೆನಾ? ನನಗೇ ನೆನಪಿರಲಿಲ್ಲ. ಆ ಎಂಟು ವರ್ಷದವಳು ನನಗೆ ಇಷ್ಟವಾದಳು.

ತೋರಿಸು. ಎಲ್ಲರಿಗೂ. ಆದರೆ ಒಂದು ಷರತ್ತು. ನಿನ್ನ ದನಿಯನ್ನು ಕತ್ತರಿಸಬಾರದು.

ಇಲ್ಲಿಯೂ ಬೆರಳಾಟ ಶುರುವಾಗಿದೆ. ಶನಿವಾರ ಟೀವಿ ಕೋಣೆಯಲ್ಲಿ ಯಾರಿಗೂ ವಿಡಿಯೋ ನೋಡಲು ಬಿಡುತ್ತಿಲ್ಲ ಎಂದು ನಮ್ಮ ಕೋಣೆಯ ಮೇಲೆ ದೂರು ಹೋಗಿದೆ.

ಅವಳಿಗೆ, ಎರಡು ಜಡೆಯವಳಿಗೆ, ಒಂದು ಕಾಗದ ಬರೆದಿದ್ದೇನೆ. ವಿಳಾಸ ಮರೆತಿರಲಿಲ್ಲ.

ಮೀನು

—

ಆಗಸ್ಟ್ 29

ಮೀನು,

ನಿನ್ನೆ ಮಧ್ಯಾಹ್ನ ಕ್ಲಾಸಿಗೆ ಹೋದಾಗ ಕೊನೆಯ ಬೆಂಚಿನಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ, ಕತ್ತರಿ ಅಕ್ಕ ಕೂತಿದ್ದಳು. ಮಕ್ಕಳು ಆಗಲೇ ಅವಳನ್ನು ಮುತ್ತಿಕೊಂಡಿದ್ದರು. ನನ್ನನ್ನು ನೋಡಿ, "ಬೆರಳೆತ್ತೋದನ್ನ ಎದುರಿಗೇ ನೋಡೋಣ ಅಂತ ಬಂದೆ," ಅಂದಳು. ನಗಲಿಲ್ಲ.

ಹನ್ನೊಂದನ್ನೂ ಸಾಲಾಗಿ ಹಾಕಿದೆ. ಮೊದಲೆರಡಕ್ಕೆ ಬೆರಳು ಎದ್ದವು. ನಾಲ್ಕರ ಆಕಳಿಕೆಗೆ ಮಕ್ಕಳೂ ಆಕಳಿಸಿದರು. ಸತ್ತ ಇಲಿಗೆ ಬೆಂಚುಗಳು ಜಾಗ ಬಿಟ್ಟು ಸರಿದವು, ಅಷ್ಟು ನಗು. ಪಿಟೀಲು ನಕ್ಕು ನಕ್ಕು ಬಿಕ್ಕಳಿಸುತ್ತಿದ್ದಳು. ಎಂಟು, ಒಂಬತ್ತು, ಹತ್ತು ಬರುವಾಗ ನಗು ತಾನಾಗಿ ಇಳಿಯಿತು. ಹನ್ನೊಂದು ಬಂದಾಗ ಯಾರೂ ಬೆರಳೆತ್ತಲಿಲ್ಲ. ನಿನ್ನ ಮುಖವನ್ನೇ ನೋಡುತ್ತಿದ್ದರು.

ಹಲ್ಲು ಬಿದ್ದವಳಿಗೆ ಈಗ ಹೊಸ ಹಲ್ಲು ಬಂದಿದೆ. ಅವಳೇ ಕೇಳಿದಳು. "ಹಿಂದಿನಿಂದ ಇನ್ನೊಂದ್ಸಲ ಇನ್ನೊಂದ್ಸಲ ಅಂತಿದ್ದಾರಲ್ಲ, ಆ ದನಿ ಯಾರದು?"

ನಾನು ಬೆರಳೆತ್ತಿದೆ.

ಹಿಂದಿನ ಬೆಂಚಿನಲ್ಲಿ ಇನ್ನೊಂದು ಬೆರಳು ಎದ್ದಿತು, ಉಗುರಿನಲ್ಲಿ ಬಣ್ಣ ಮೆತ್ತಿದ್ದು. "ಅಂಟು ನನ್ನದು," ಎಂದಳು ಕತ್ತರಿ ಅಕ್ಕ. "ಅದಕ್ಕೆ ನಾನು ದುಡ್ಡು ತಗೊಂಡಿದ್ದೆ. ನಿಮಗೆ ಹೇಳಿರಲಿಲ್ಲ."

"ಮತ್ತೆ ಈಗ ಯಾವ ಅಂಟು ಹಾಕ್ತೀರ?" ಎಂದು ಒಬ್ಬ ಕೇಳಿದ. "ನಾನು ಹೇಳಿದ್ರೆ ನೀನು ಬೆರಳೆತ್ತಲ್ವಾ?" ಎಂದಳು. ಆಗ ಎದ್ದ ಗಲಾಟೆಗೆ ಪಕ್ಕದ ಕ್ಲಾಸಿನ ಮೇಷ್ಟ್ರು ಈ ಸಲ ಒಳಗೇ ಬಂದು ಕೂತರು.

ಇವತ್ತು ಬೆಳಿಗ್ಗೆ ಹನ್ನೊಂದೂ ಟೇಕ್ ಅವಳ ಚಾನೆಲ್ಲಿನಲ್ಲಿ ಬಂದಿದೆ. ಶುರುವಿನಲ್ಲೇ ಅವಳ ಮಾತು, ಮಡಚಿಟ್ಟ ಬರಹದಲ್ಲಿ ಅಲ್ಲ. ನನ್ನ ದನಿಯ ಒಂದು ಉಸಿರನ್ನೂ ಕತ್ತರಿಸಿಲ್ಲ. ಒಂದು ಕಂಪನಿ ಈಗಾಗಲೇ ಮುಂದಿನ ತಿಂಗಳ ಕೆಲಸ ಬೇಡ ಎಂದಿದೆ. ನಿಮ್ಮಪ್ಪ, "ಲಿಫ್ಟುಗಳು ಕೆಡ್ತಾನೇ ಇರ್ತವೆ, ಬಿಡು," ಅಂದರು. ಪಿಟೀಲು ಯೋಚಿಸಿ, ಬೆರಳೆತ್ತಲಿಲ್ಲ.

ನಾನು ಸರಿ ಮಾಡಿದೆನೋ, ಐದು ವರ್ಷ ತಡ ಮಾಡಿದೆನೋ. ಎರಡೂ ಇರಬೇಕು. ಆದರೂ ನಿನ್ನೆ ಮನೆಗೆ ನಡೆದು ಬರುವಾಗ, ಆ ಕಡೆಯವಳು ಈ ಕಡೆಯ ಫುಟ್‌ಪಾತಿನಲ್ಲಿದ್ದೇನೆ ಅನ್ನಿಸಿತು.

ನಿನ್ನ ಅಮ್ಮ

—

ಸೆಪ್ಟೆಂಬರ್ 14

ಅಮ್ಮ,

ಮೂರು ಸುದ್ದಿ. ಒಂದು, ಕೋಚ್ ನನ್ನನ್ನು ರಿಲೇ ತಂಡಕ್ಕೆ ಹಾಕಿದ್ದಾರೆ.

ಎರಡು, ಎರಡು ಜಡೆಯವಳ ಉತ್ತರ ಬಂದಿದೆ. ನಾಲ್ಕೇ ಸಾಲು. ಈಗ ಅವಳಿಗೆ ಒಂದೇ ಜಡೆಯಂತೆ. ಆ ಅಂಟಿನ ಬಾಟಲಿ ಇನ್ನೂ ಅವರ ಮನೆಯಲ್ಲಿದೆಯಂತೆ, ಒಳಗೆಲ್ಲ ಕಲ್ಲಾಗಿ. ಗಾಳಿಗೆ ಹಿತ್ತಿಲ ಬಾಗಿಲು ಹೊಡೆದುಕೊಳ್ಳದ ಹಾಗೆ ಅದನ್ನೇ ಅಡ್ಡ ಇಡುತ್ತಾರಂತೆ. "ಅದಕ್ಕೆ ಮಾತ್ರ ಚೆನ್ನಾಗಿದೆ," ಎಂದು ಬರೆದಿದ್ದಾಳೆ. ರಜೆಗೆ ಬಂದಾಗ ನಮ್ಮ ಕಿಟಕಿ ಖಾಲಿ ಇಟ್ಟಿರು.

ಮೂರು. ನಿನ್ನೆ ನಮಗೆಲ್ಲ ಹೊಸ ಈಜುಕನ್ನಡಕ ಬಂತು. ಒಂದು ಕಂಪನಿ ಕೊಟ್ಟಿದೆ. ಕೋಚ್ ಎಲ್ಲರನ್ನೂ ಕೊಳದ ಅಂಚಿನಲ್ಲಿ ನಿಲ್ಲಿಸಿ ಕ್ಯಾಮೆರಾ ಹಿಡಿದರು. "ಇದು ನನ್ನ ಫೇವರಿಟ್ ಕನ್ನಡಕ ಅಂತ ಹೇಳಿ ನಗಬೇಕು, ಅಷ್ಟೇ," ಅಂದರು. ನಾನು ಮತ್ತೆ ಎಂಟು ವರ್ಷದವಳಾದೆ. ಪಕ್ಕಕ್ಕೆ ನೋಡಿದೆ. ಸಾಲಿನುದ್ದಕ್ಕೂ, ಒದ್ದೆ ಒದ್ದೆ ಬೆರಳುಗಳು, ಒಂದೊಂದಾಗಿ ಮೇಲೆ.

ಕೋಚ್‌ಗೆ ಅರ್ಥವಾಗಲಿಲ್ಲ. "ಏನ್ರೇ ಇದು, ಎಲ್ಲರಿಗೂ ಬಾತ್‌ರೂಮಿಗೆ ಹೋಗ್ಬೇಕಾ?"

ನಾನು ಮೊದಲು ಹೇಳುತ್ತೇನೆ ಅಂದೆ. ಕ್ಯಾಮೆರಾವನ್ನೇ ನೇರವಾಗಿ ನೋಡಿದೆ. "ಇದನ್ನ ಕಂಪನಿ ನಮಗೆ ಪುಕ್ಕಟೆ ಕೊಟ್ಟಿದೆ. ಪಟ್ಟಿ ಚೆನ್ನಾಗಿದೆ. ಬಲಗಣ್ಣಿಗೆ ಸ್ವಲ್ಪ ನೀರು ಬರುತ್ತೆ," ಅಂದೆ.

ಕೋಚ್ ಕ್ಯಾಮೆರಾ ಇಳಿಸಿ ನನ್ನನ್ನು ನೋಡಿದರು. ಇನ್ನೊಂದ್ಸಲ ಅನ್ನುತ್ತಾರೆ ಅಂದುಕೊಂಡೆ. ಅವರು ತಮಗೆ ಬಂದ ಈಜುಕನ್ನಡಕ ತೆಗೆದು ಬಲಗಡೆಯ ರಬ್ಬರ್ ಒತ್ತಿ ನೋಡಿದರು. "ಹೌದಲ್ಲೇ," ಅಂದರು.

ಒಂದೇ ಟೇಕ್, ಅಮ್ಮ.

ಮೀನು